ಎರಡು ಕಾಗದಗಳು

(ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟಿರುವ ವಿಷಯ ಸಾಂದರ್ಭಿಕ ಸಾಕ್ಷ್ಯ, ಅಂದರೆ ಕಣ್ಣಾರೆ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳಿಂದ ಕಟ್ಟುವ ಸಾಕ್ಷ್ಯ. ಊಟ ಮುಗಿಸಿ ಬಂದು ಕುಳಿತಿದ್ದೀರಿ, ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ನಾನು ಕಲಮುಗಳ ಪಟ್ಟಿ ಓದಲು ಶುರು ಮಾಡಿದರೆ ಹಿಂದಿನ ಸಾಲಿನವರ ಗತಿ ಏನಾಗುತ್ತದೆಂದು ನನಗೆ ಗೊತ್ತು. ಆದ್ದರಿಂದ ಒಂದು ಮನೆಯ ಕಥೆ ಹೇಳುತ್ತೇನೆ. ಆ ಮನೆಯಲ್ಲಿ ಎರಡು ಕಾಗದಗಳಿದ್ದವು. ಒಂದು ನೊಣ ಕೊಲ್ಲುವ ಕಾಗದ, ಇನ್ನೊಂದು ಮನೆಯೊಡತಿ ತನ್ನ ಪ್ರಿಯಕರನಿಗೆ ಬರೆದ ಕಾಗದ. ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಇದ್ದದ್ದು ಮೊದಲನೆಯದರಲ್ಲಿ. ಆಕೆಯನ್ನು ಗಲ್ಲುಗಂಬದ ಬುಡದವರೆಗೆ ಒಯ್ದದ್ದು ಮಾತ್ರ ಎರಡನೆಯದು ಎಂಬುದು ನನ್ನ ವಾದ.

ಊರು ಇಂಗ್ಲೆಂಡಿನ ಲಿವರ್‌ಪೂಲ್, ವರ್ಷ 1889. ಗಂಡ ಜೇಮ್ಸ್ ಮೇಬ್ರಿಕ್, ಹತ್ತಿ ವ್ಯಾಪಾರಿ. ಹೆಂಡತಿ ಫ್ಲಾರೆನ್ಸ್, ಅಮೆರಿಕದ ಅಲಬಾಮಾದವಳು, ಅವನಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಚಿಕ್ಕವಳು. 1880ರಲ್ಲಿ ಹಡಗಿನಲ್ಲಿ ಪರಿಚಯ, ಮರುವರ್ಷ ಲಂಡನ್ನಿನಲ್ಲಿ ಮದುವೆ, ಎರಡು ಮಕ್ಕಳು. ಹೊರಗಿನಿಂದ ನೋಡಿದರೆ ತುಂಬಿದ ಮನೆ. ಒಳಗೆ, ಗಂಡನಿಗೆ ಹಳೆಯ ಸಂಬಂಧವೊಂದಿತ್ತು, ಅದರಲ್ಲಿ ಮಕ್ಕಳೂ ಇದ್ದರೆಂದು ಹೇಳುತ್ತಾರೆ. ಹೆಂಡತಿಗೆ ಆಲ್ಫ್ರೆಡ್ ಬ್ರಿಯರ್ಲಿ ಎಂಬ ಇನ್ನೊಬ್ಬ ಹತ್ತಿ ವ್ಯಾಪಾರಿಯ ಜೊತೆ ಸಲುಗೆ ಬೆಳೆಯಿತು. ಆ ಮಾರ್ಚ್ ತಿಂಗಳಲ್ಲಿ ಇಬ್ಬರೂ ಲಂಡನ್ನಿನ ಹೋಟೆಲೊಂದರಲ್ಲಿ ತಂಗಿದ್ದರು. ಕೆಲವೇ ದಿನಗಳ ನಂತರ ಕುದುರೆ ಪಂದ್ಯ ನೋಡಿ ಬಂದ ರಾತ್ರಿ ಗಂಡ ಹೆಂಡತಿಗೆ ಜಗಳವಾಗಿ ಅವನು ಹೊಡೆದ, ಆಕೆಯ ಕಣ್ಣು ಕಪ್ಪಾಯಿತು.

ಏಪ್ರಿಲ್‌ನಲ್ಲಿ ಆಕೆ ನೊಣದ ಕಾಗದ ಕೊಂಡಳು, ಅದೂ ತನ್ನ ಗುರುತಿದ್ದ ಅಂಗಡಿಗಳಲ್ಲಿ. ಮಲಗುವ ಕೋಣೆಯ ಬೋಗುಣಿಯಲ್ಲಿ ನೀರು ಹಾಕಿ ನೆನೆಸಿ, ಮೇಲೊಂದು ಟವೆಲ್ ಮುಚ್ಚಿದಳು. ಕೆಲಸದವರು ನೋಡಿದರು. ಆ ಕಾಲದ ನೊಣದ ಕಾಗದವನ್ನು ಬಳಸುವುದೇ ನೀರಿನಲ್ಲಿ ನೆನೆಸಿ. ಆದರೆ ಅದನ್ನು ತಟ್ಟೆಯಲ್ಲಿಟ್ಟು ನೊಣಗಳಿಗೆ ತೆರೆದಿಡುತ್ತಾರೆ, ಟವೆಲ್ ಮುಚ್ಚುವುದಿಲ್ಲ. ಮುಖಕ್ಕೆ ಹಚ್ಚಿಕೊಳ್ಳುವ ದ್ರವ ಮಾಡಲು ನೆನೆಸಿದ್ದೆ ಎಂದು ಆಕೆ ಹೇಳಿದಳು. ಈಗ ಕೇಳಿದರೆ ನಗು ಬರುತ್ತದೆ, ಆಗ ಪಾಷಾಣ ಸೌಂದರ್ಯಸಾಧನವೂ ಆಗಿತ್ತು, ಟಾನಿಕ್ಕೂ ಆಗಿತ್ತು. ನಮ್ಮ ಆಯುರ್ವೇದದವರೂ ಗೌರೀಪಾಷಾಣವನ್ನು ಶುದ್ಧಿ ಮಾಡಿ ಮದ್ದಿಗೆ ಬಳಸುತ್ತಾರಲ್ಲ! ಇನ್ನು ಜೇಮ್ಸ್ ಮೇಬ್ರಿಕ್ ಅಂತೂ ಪಾಷಾಣ ಸೇವಿಸುವ ಚಟವಿದ್ದವನು. ಅಮೆರಿಕದಲ್ಲಿದ್ದಾಗ ಮಲೇರಿಯಾಕ್ಕೆಂದು ಹತ್ತಿದ ಅಭ್ಯಾಸ. ದಿನಕ್ಕೆ ಹಲವು ಬಾರಿ ಅಂಗಡಿಗೆ ಬಂದು ಪಾಷಾಣ ಬೆರೆಸಿದ ಚೈತನ್ಯದ ಮದ್ದು ಕುಡಿಯುತ್ತಿದ್ದನೆಂದು ಔಷಧ ವ್ಯಾಪಾರಿಯೊಬ್ಬ ನ್ಯಾಯಾಲಯದಲ್ಲಿ ನುಡಿದ.

ಏಪ್ರಿಲ್ ಕೊನೆಯಲ್ಲಿ ಅವನು ಹಾಸಿಗೆ ಹಿಡಿದ. ಮೇ 8ರಂದು ಆಕೆ ಬ್ರಿಯರ್ಲಿಗೆ ಕಾಗದ ಬರೆದು, ಅಂಚೆಗೆ ಹಾಕಲು ಮಕ್ಕಳ ದಾದಿಯ ಕೈಗೆ ಕೊಟ್ಟಳು. ಮಗು ಅದನ್ನು ಕೆಸರಿನಲ್ಲಿ ಬೀಳಿಸಿತು, ಲಕೋಟೆ ಬದಲಿಸಲು ಒಡೆದೆ, ಕಣ್ಣಿಗೆ ಬಿತ್ತು ಎಂದು ದಾದಿ ಹೇಳಿದಳು. ಇದನ್ನು ನಂಬುವಷ್ಟು ಮುಗ್ಧರು ಈ ಸಭೆಯಲ್ಲಿದ್ದರೆ ದಯವಿಟ್ಟು ಪಾಟೀಸವಾಲಿನ ತರಗತಿಯನ್ನು ಇನ್ನೊಮ್ಮೆ ಕೇಳಿ. ಕಾಗದ ಗಂಡನ ತಮ್ಮನ ಕೈ ಸೇರಿತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಹೆಂಡತಿ ಹೆಂಡತಿಯಾಗಿ ಉಳಿಯಲಿಲ್ಲ, ಆರೋಪಿಯಾದಳು. ರೋಗಿಯ ಬಳಿ ಆಕೆಯನ್ನು ಬಿಡದಂತೆ ನರ್ಸುಗಳ ಕಾವಲು ಬಿತ್ತು. ಮೇ 11ರಂದು ಗಂಡ ಸತ್ತ.

ಆ ಕಾಗದದಲ್ಲಿ ಗಂಡ ‘ಸಾಯುವಷ್ಟು ಕಾಯಿಲೆಯಲ್ಲಿದ್ದಾನೆ’ ಎಂಬರ್ಥದ ಮಾತಿತ್ತು. ಸರ್ಕಾರಿ ವಕೀಲರು ಅದನ್ನೇ ಹಿಡಿದರು. ವೈದ್ಯರೇ ಆಸೆ ಬಿಟ್ಟಿರದ ದಿನ ಈಕೆಗೆ ಸಾವು ಹೇಗೆ ಕಂಡಿತು? ವಿಷ ಕೊಡುತ್ತಿದ್ದವಳಿಗೆ ತಾನೇ ಗೊತ್ತಿರುವುದು? ಅದು ಅಮೆರಿಕದ ದಕ್ಷಿಣದವರ ಮಾತಿನ ರೂಢಿ, ‘ಬಹಳ ಹುಷಾರಿಲ್ಲ’ ಎಂದಷ್ಟೇ ಅರ್ಥ ಎಂದು ಆಕೆಯ ಪರವಾಗಿದ್ದವರು ಹೇಳಿದರು. ಸ್ವಲ್ಪ ಯೋಚಿಸಿ. ನಮ್ಮಲ್ಲಿ ‘ತಲೆನೋವಿನಿಂದ ಸತ್ತೇ ಹೋದೆ’ ಎನ್ನುವವರು ಸಂಜೆ ಮದುವೆ ಊಟಕ್ಕೆ ಹಾಜರಿರುತ್ತಾರೆ. ‘ನಮ್ಮ ಯಜಮಾನರು ಜ್ವರದಲ್ಲಿ ಸಾಯುತ್ತಿದ್ದಾರೆ’ ಎಂದು ಹೆಂಡತಿ ತಂಗಿಗೆ ಬರೆದರೆ ಅದು ಕಾಳಜಿ. ಅದೇ ವಾಕ್ಯವನ್ನು ಬೇರೊಬ್ಬ ಗಂಡಸಿಗೆ ಬರೆದರೆ ತಪ್ಪೊಪ್ಪಿಗೆ. ಪದಗಳು ಬದಲಾಗಲಿಲ್ಲ, ಮೇಲಿನ ವಿಳಾಸ ಬದಲಾಯಿತು.

ಇನ್ನು ದೇಹ. ಮನೆ ಶೋಧಿಸಿದಾಗ ಹಲವರನ್ನು ಕೊಲ್ಲುವಷ್ಟು ಪಾಷಾಣ ಸಿಕ್ಕಿತು. ಸತ್ತವನ ಒಡಲಲ್ಲಿ ಸಿಕ್ಕದ್ದು ಮಾತ್ರ ಒಬ್ಬನನ್ನು ಕೊಲ್ಲುವ ಪ್ರಮಾಣಕ್ಕಿಂತ ಬಹಳ ಕಡಿಮೆ. ಒಬ್ಬ ತಜ್ಞರು ಪಾಷಾಣದಿಂದಲೇ ಸಾವು ಎಂದರು, ಇನ್ನೊಬ್ಬರು ಖಂಡಿತ ಅಲ್ಲ, ಜಠರ ಮತ್ತು ಕರುಳಿನ ಉರಿಯೂತ ಎಂದರು. ಆಕೆಯ ವಿರುದ್ಧ ನಿಜಕ್ಕೂ ಭಾರವಾದ ಸಂಗತಿ ಒಂದಿತ್ತು, ಅದನ್ನು ನಾನು ಬಚ್ಚಿಡುವುದಿಲ್ಲ. ರೋಗಿಗೆ ಕೊಡುವ ಮಾಂಸದ ಸಾರಿನ ಸೀಸೆಯನ್ನು ಆಕೆ ಒಳಕೋಣೆಗೆ ಒಯ್ದು ಮರಳಿ ತಂದದ್ದನ್ನು ನರ್ಸ್ ನೋಡಿದ್ದಳು. ಅದರಲ್ಲಿ ಪಾಷಾಣ ಪತ್ತೆಯಾಯಿತು. ಗಂಡನೇ ತನ್ನ ಪುಡಿಯನ್ನು ಬೆರೆಸಿಕೊಡು ಎಂದು ಗೋಗರೆದ, ಬೆರೆಸಿದೆ, ಆದರೆ ಆ ಸಾರನ್ನು ಅವನು ಕುಡಿಯಲೇ ಇಲ್ಲ ಎಂದಳು. ಆರೋಪಿ ಪ್ರಮಾಣ ಮಾಡಿ ಸಾಕ್ಷ್ಯ ನುಡಿಯಲು ಇಂಗ್ಲೆಂಡಿನ ಕಾನೂನು ಸಾಮಾನ್ಯವಾಗಿ ಅನುಮತಿ ಕೊಟ್ಟದ್ದು 1898ರಲ್ಲಿ. ಆದ್ದರಿಂದ ಆಕೆ ಪ್ರಮಾಣವಿಲ್ಲದ ಒಂದು ಹೇಳಿಕೆ ಕೊಟ್ಟಳು. ಕೊನೆಯಲ್ಲಿ, ಸಾಯುವ ಹಿಂದಿನ ದಿನ ಗಂಡನಿಗೆ ಎಲ್ಲವನ್ನೂ ಒಪ್ಪಿಸಿ ಕ್ಷಮೆ ಪಡೆದೆ ಎಂದಳು. ಪ್ರೀತಿ ತನ್ನನ್ನು ಉಳಿಸುತ್ತದೆ ಎಂದುಕೊಂಡಿರಬೇಕು. ಕೇಳಿದವರ ಕಿವಿಗೆ ಬಿದ್ದದ್ದು ಜಾರತನದ ಒಪ್ಪಿಗೆ ಮಾತ್ರ.

ಆ ಪೀಠದಲ್ಲಿದ್ದ ನ್ಯಾಯಾಧೀಶರ ಹೆಸರು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಹೆಸರು ಎಲ್ಲೋ ಕೇಳಿದಂತಿದೆಯೇ? ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯರಾಗಿ ಇಲ್ಲಿಗೆ ಬಂದು, 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರಚಿಸಿಕೊಟ್ಟು ಹೋದವರು ಅವರೇ. ನಾನು ಜೀವಮಾನವಿಡೀ ಬಗಲಲ್ಲಿಟ್ಟುಕೊಂಡು ಓಡಾಡಿದ ಪುಸ್ತಕ ಅದು. 2024ರ ಜೂನ್ 30ರವರೆಗೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ನ್ಯಾಯಾಲಯಗಳೂ ಅದರ ಮೇಲೆಯೇ ನಡೆದವು. ಅದರ 8ನೇ ಕಲಮಿನ ಕೆಳಗೊಂದು ಉದಾಹರಣೆ ಇದೆ. ‘ಎ’ ಎಂಬುವನ ಮೇಲೆ ‘ಬಿ’ಯನ್ನು ವಿಷವಿಕ್ಕಿ ಕೊಂದ ಆರೋಪವಿದೆ. ಸಾವಿಗೆ ಮುಂಚೆ ‘ಎ’ ಅಂಥದೇ ವಿಷವನ್ನು ಸಂಪಾದಿಸಿದ್ದ ಎಂಬುದು ಪ್ರಸಕ್ತ ಸಂಗತಿ, ಅಂದರೆ ನ್ಯಾಯಾಲಯ ಪರಿಗಣಿಸಬಹುದಾದ ಸಂಗತಿ. ಕಲ್ಕತ್ತೆಯ ಶಾಸನ 1872ರದು, ಲಿವರ್‌ಪೂಲಿನ ನೊಣದ ಕಾಗದ 1889ರದು. ಅದೇ ಅಧಿನಿಯಮದ 54ನೇ ಕಲಮು, ಆರೋಪಿಯ ನಡತೆ ಕೆಟ್ಟದ್ದು ಎಂಬ ಸಂಗತಿ ಸಾಮಾನ್ಯವಾಗಿ ಅಪ್ರಸಕ್ತ ಎನ್ನುತ್ತದೆ. ಹೀಗೆ ಬರೆದವರೇ ಎರಡು ದಿನ ಹಿಡಿದ ತಮ್ಮ ನಿರೂಪಣೆಯಲ್ಲಿ, ಪರಪುರುಷನ ಮೋಹಕ್ಕಾಗಿ ಗಂಡನ ಸಾವನ್ನು ಹೊಂಚುವ ಹೆಣ್ಣಿನ ಭೀಕರ ಚಿತ್ರವನ್ನು ಜ್ಯೂರಿಯ, ಅಂದರೆ ತೀರ್ಪು ಕೊಡುವ ನಾಗರಿಕರ ತಂಡದ, ಮುಂದೆ ನಿಲ್ಲಿಸಿದರು. ಶಾಸನ ಬರೆಯುವಾಗ ಇದ್ದ ತಣ್ಣನೆಯ ತಲೆ ಪೀಠದ ಮೇಲೆ ಇರಲಿಲ್ಲ. ಎರಡು ವರ್ಷಗಳ ನಂತರ ಬುದ್ಧಿ ಮಂಕಾದ ಕಾರಣಕ್ಕೆ ಹುದ್ದೆಯನ್ನೂ ಬಿಡಬೇಕಾಯಿತು.

ಜ್ಯೂರಿ ಒಂದು ಗಂಟೆಯನ್ನೂ ತೆಗೆದುಕೊಳ್ಳಲಿಲ್ಲ. ಗಲ್ಲು. ಮೊದಲು ಆಕೆಯನ್ನು ಹೀಯಾಳಿಸಿದ್ದ ಜನರೇ ತೀರ್ಪಿನ ದಿನ ನ್ಯಾಯಾಧೀಶರ ಬಂಡಿಯ ಹಿಂದೆ ಕೂಗಿಕೊಂಡು ಹೋದರು. ಮೇಲ್ಮನವಿಗೆ ನ್ಯಾಯಾಲಯವೇ ಇರಲಿಲ್ಲ. ಗೃಹ ಸಚಿವರು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಅವರು ಕೊಟ್ಟ ಕಾರಣವನ್ನು ಗಮನವಿಟ್ಟು ಕೇಳಿ. ಆಕೆ ಕೊಲ್ಲುವ ಉದ್ದೇಶದಿಂದ ಪಾಷಾಣ ಕೊಟ್ಟಳು, ಆದರೆ ಅವನು ಸತ್ತದ್ದು ಪಾಷಾಣದಿಂದಲೇ ಎಂಬುದರಲ್ಲಿ ಸಮಂಜಸ ಸಂಶಯವಿದೆ. ಅಂದರೆ ಕೊಲೆ ಸಾಬೀತಾಗಿಲ್ಲ, ಕೊಲೆಯತ್ನದ ವಿಚಾರಣೆ ನಡೆದೇ ಇಲ್ಲ. ಹಾಗಿದ್ದರೂ ಸುಮಾರು ಹದಿನೈದು ವರ್ಷ ಸೆರೆ.

ಆಕೆ ಅವನನ್ನು ಪ್ರೀತಿಸುತ್ತಿದ್ದಳೇ? ನನ್ನ ಉತ್ತರ, ಇಲ್ಲ. ಕೊಲ್ಲಲು ಬಯಸಿದ್ದಳೇ? ಇದ್ದರೂ ಇರಬಹುದು. ಕೊಂದಳೆಂದು ಸಾಬೀತಾಯಿತೇ? ಇಲ್ಲ. ಇವು ಮೂರು ಬೇರೆ ಪ್ರಶ್ನೆಗಳು. ಹೆಣದ ಸುತ್ತ ನಿಂತ ಜನ ಮೊದಲನೆಯದಕ್ಕೆ ಉತ್ತರ ಕಂಡುಕೊಂಡು ಮೂರನೆಯದಕ್ಕೆ ಅಂಟಿಸಿಬಿಡುತ್ತಾರೆ. ನಮ್ಮ ಊರುಗಳಲ್ಲೂ ಕಂಡಿದ್ದೇನೆ. ಮಹಜರು ನಡೆಯುತ್ತಿರುವಾಗಲೇ ಜಗಲಿಯ ಮೇಲೆ ತೀರ್ಪು ಆಗಿರುತ್ತದೆ. ಗಂಡ ಅತ್ತರೆ ನಾಟಕ, ಅಳದಿದ್ದರೆ ಕಟುಕ.

ನಮ್ಮ ಸುಪ್ರೀಂ ಕೋರ್ಟು ಈ ಮೂರನ್ನು ಬಿಡಿಸಿಟ್ಟದ್ದು 1984ರ ಸಾರ್ದಾ ಪ್ರಕರಣದಲ್ಲಿ. ಪುಣೆಯಲ್ಲಿ ಮದುವೆಯಾಗಿ ನಾಲ್ಕು ತಿಂಗಳಿಗೆ ಹೆಂಡತಿ ಸೈನೈಡ್‌ನಿಂದ ಸತ್ತಿದ್ದಳು. ಗಂಡನಿಗೆ ಕೆಳಗಿನ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟು ಖಾಯಂ ಮಾಡಿತು. ಇಲ್ಲಿಯೂ ಕಾಗದಗಳೇ. ಅಕ್ಕರೆಯಿಲ್ಲದ ಗಂಡನ ಬಗ್ಗೆ ಆಕೆ ತಂಗಿಗೂ ಗೆಳತಿಗೂ ಬರೆದಿದ್ದಳು. ಅವನ್ನು ಮರಣಪೂರ್ವ ಹೇಳಿಕೆಯಂತೆ ಸ್ವೀಕರಿಸಬಹುದೇ ಎಂಬುದರಲ್ಲಿ ನ್ಯಾಯಮೂರ್ತಿಗಳಲ್ಲೇ ಭಿನ್ನಾಭಿಪ್ರಾಯವಿತ್ತು. ಸರ್ಕಾರ ಅವುಗಳಲ್ಲಿ ಗಂಡನ ಕ್ರೌರ್ಯವನ್ನು ಓದಿತು, ನ್ಯಾಯಮೂರ್ತಿ ಫಜಲ್ ಅಲಿ ಬದುಕೇ ಬೇಡವಾದ ಹೆಣ್ಣಿನ ಹತಾಶೆಯನ್ನೂ ಓದಿದರು. ಆತ್ಮಹತ್ಯೆಯ ಸಾಧ್ಯತೆ ಅಳಿಯದ ಕಾರಣ ಗಂಡ ಬಿಡುಗಡೆಯಾದ. ವಿಷದ ಪ್ರಕರಣದಲ್ಲಿ ನಾಲ್ಕು ಸಂಗತಿ ಬೇಕೆಂದು ಆ ತೀರ್ಪು ಹೇಳುತ್ತದೆ. ಕೊಲ್ಲಲು ಉದ್ದೇಶ, ವಿಷದಿಂದಲೇ ಆದ ಸಾವು, ಆರೋಪಿಯ ಕೈಯಲ್ಲಿ ವಿಷ, ಕೊಡಲು ಅವಕಾಶ. ಫ್ಲಾರೆನ್ಸ್‌ಗೆ ಹಿಡಿದು ನೋಡಿ. ಮೂರು ಕಣ್ಣಿಗೆ ರಾಚುವಂತಿವೆ. ಎರಡನೆಯದು ಮಾತ್ರ ನಿಲ್ಲುವುದಿಲ್ಲ.

ನಾನು ಗಂಡಂದಿರ ವಕಾಲತ್ತು ವಹಿಸಿದ್ದೇನೆಂದು ತಿಳಿಯಬೇಡಿ. ನಾಲ್ಕು ಗೋಡೆಗಳೊಳಗಿನ ಸಾವಿಗೆ ಹೊರಗಿನ ಸಾಕ್ಷಿ ಸಿಗುವುದಿಲ್ಲ. ಅದಕ್ಕೆಂದೇ ಹಳೆಯ ಸಾಕ್ಷ್ಯ ಅಧಿನಿಯಮದ 106ನೇ ಕಲಮು, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಹೊಸ ಅಧಿನಿಯಮದಲ್ಲಿ 109, ಒಳಗಿದ್ದವನಿಂದ ವಿವರಣೆ ಕೇಳುತ್ತದೆ. ಮದುವೆಯಾದ ಏಳು ವರ್ಷದೊಳಗೆ ವರದಕ್ಷಿಣೆಯ ಕಿರುಕುಳದ ಬೆನ್ನಿಗೇ ಹೆಂಡತಿ ಅಸಹಜವಾಗಿ ಸತ್ತರೆ ಕಾನೂನು ವರದಕ್ಷಿಣೆ ಸಾವೆಂದೇ ಊಹಿಸುತ್ತದೆ. 1986ರಲ್ಲಿ ಬಂದ ಈ ನಿಯಮ ಬೇಕಾಗಿಯೇ ಇತ್ತು, ಇಂದಿಗೂ ಬೇಕು. ಗಮನಿಸಿ, ಅಲ್ಲಿಯೂ ಕಾನೂನು ಪ್ರೀತಿ ಇತ್ತೇ ಎಂದು ಕೇಳುವುದಿಲ್ಲ. ಕಿರುಕುಳ ಇತ್ತೇ, ಯಾವಾಗ, ಯಾತಕ್ಕಾಗಿ ಎಂದು ಕೇಳುತ್ತದೆ.

ಫ್ಲಾರೆನ್ಸ್ 1904ರಲ್ಲಿ ಹೊರಬಂದು ಅಮೆರಿಕಕ್ಕೆ ಮರಳಿದಳು. ಕೊನೆಯ ವರ್ಷಗಳನ್ನು ಕನೆಕ್ಟಿಕಟ್‌ನ ಒಂದು ಗುಡಿಸಲಿನಲ್ಲಿ, ಹುಟ್ಟಿನ ಹೆಸರಿನಲ್ಲಿ, ಬೆಕ್ಕುಗಳ ಜೊತೆ ಕಳೆದು 1941ರಲ್ಲಿ ತೀರಿಕೊಂಡಳು. ಮಕ್ಕಳ ಮುಖವನ್ನು ಮತ್ತೆ ನೋಡಲಿಲ್ಲ. ಮಗ ಕೆನಡಾದ ಚಿನ್ನದ ಗಣಿಯೊಂದರಲ್ಲಿ ಎಂಜಿನಿಯರ್ ಆಗಿದ್ದ. 1911ರಲ್ಲಿ ಪ್ರಯೋಗಶಾಲೆಯಲ್ಲಿ ಸೈನೈಡ್ ಕುಡಿದು ಸತ್ತ. ಅವನಿಗಿನ್ನೂ ಮದುವೆಯಾಗಿರಲಿಲ್ಲ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೀರೆಂದು ತಿಳಿದು ಕುಡಿದಿರಬೇಕು, ಆಕಸ್ಮಿಕ ಎಂದು ಬರೆದುಕೊಂಡರು.

ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.