ಮೊದಲು ಮುಚ್ಚಳ ತೆಗೀರಿ

ಎಲ್ಲರಿಗೂ ನಮಸ್ಕಾರ.

ಮಲೆನಾಡಿನ ಹಳೆ ಮನೆ ಅಂದರೆ ಕೊಟ್ಟಿಗೆ ಇದ್ದೇ ಇರುತ್ತದೆ. ಕೊಟ್ಟಿಗೆಗೆ ತಾಗಿಸಿ ಒಂದು ಮಾಡು ಇಳಿಸಿರುತ್ತಾರೆ. ಆ ಮಾಡಿನ ಕೆಳಗೆ ಅಡಿಕೆ ಸಿಪ್ಪೆಯ ಮೂಟೆ, ಮುರಿದ ನೇಗಿಲು, ಹರಿದ ಟಾರ್ಪಾಲು. ಅದರ ಹಿಂದೆ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಒಂದು ಕಾರೋ ಜೀಪೋ ಮೂತಿ ಗೋಡೆಗೆ ಮಾಡಿಕೊಂಡು ನಿಂತಿರುತ್ತದೆ. ಇವತ್ತು ನಾನು ಮಾತಾಡಲು ಬಂದಿರುವುದು ಆ ಮನೆಯವರ ಹತ್ತಿರ. ಉಳಿದವರು ಸುಮ್ನೆ ಕೇಳಿಸಿಕೊಳ್ಳಿ, ನಷ್ಟವೇನಿಲ್ಲ.

ನಾನು ಐಟಿಐನಲ್ಲಿ 31 ವರ್ಷ ಮೋಟಾರು ಮೆಕ್ಯಾನಿಕ್ ಪಾಠ ಹೇಳಿದವನು. ನಿವೃತ್ತಿ ಆದ ಮೇಲೆ ಹಳೆ ಎಂಜಿನ್ನುಗಳದ್ದೇ ಸಹವಾಸ, ಅದರಲ್ಲೂ ಫ್ಲಾಟ್‌ಹೆಡ್ ಎಂಜಿನ್ನಿನದು. ಆಕಾಶವಾಣಿಯವರು 15 ನಿಮಿಷ ಕೊಟ್ಟಿದ್ದಾರೆ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ನಿಂತುಹೋದ ಎಂಜಿನ್ನನ್ನು ತಿರುಗಿಸಬೇಡಿ. ಮೊದಲು ಮುಚ್ಚಳ ತೆಗೀರಿ. ಪೆನ್ನು ಕಾಗದ ಹತ್ತಿರ ಇದ್ದರೆ ಬರೆದುಕೊಳ್ಳಿ. ಇನ್ನೊಂದು ಐದಾರು ಸಲ ಇದನ್ನೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಫ್ಲಾಟ್‌ಹೆಡ್ ಅಂದರೇನು? ಎಂಜಿನ್ನಿಗೆ ಗಾಳಿ, ಪೆಟ್ರೋಲು ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಒಂದು ಬಾಗಿಲು ಬೇಕಲ್ವಾ? ಆ ಬಾಗಿಲಿಗೆ ವಾಲ್ವ್ ಅನ್ನುತ್ತೇವೆ. ಸಿಲಿಂಡರ್ ಅನ್ನುವ ಕೊಳವೆಯೊಳಗೆ ಮೇಲೆ ಕೆಳಗೆ ಓಡಾಡುವುದು ಪಿಸ್ಟನ್. ಈಗಿನ ಕಾರುಗಳಲ್ಲಿ ವಾಲ್ವುಗಳು ಪಿಸ್ಟನ್ನಿನ ನೆತ್ತಿಯ ಮೇಲೆ, ಹೆಡ್ಡಿನಲ್ಲಿ ಇರುತ್ತವೆ. ಫ್ಲಾಟ್‌ಹೆಡ್‌ನಲ್ಲಿ ಪಿಸ್ಟನ್ನಿನ ಪಕ್ಕದಲ್ಲಿ, ಬ್ಲಾಕು ಅಂದರೆ ಎಂಜಿನ್ನಿನ ಒಡಲಿನ ಒಳಗೇ ಇರುತ್ತವೆ. ತಲೆ ಮೇಲೆ, ಕಾಲು ಕೆಳಗೆ, ಮಳೆಗಾಲದಲ್ಲಿ ಅಣಬೆ ಎದ್ದು ನಿಂತ ಹಾಗೆ. ಅದಕ್ಕೇ ಇದಕ್ಕೆ ಸೈಡ್ ವಾಲ್ವ್ ಅಂತಲೂ ಹೆಸರು. ಹಾಗಾದರೆ ಹೆಡ್ಡಿನಲ್ಲಿ ಏನಿದೆ? ಏನೂ ಇಲ್ಲ. ಪ್ಲಗ್ಗಿಗೆ ತೂತು, ನೀರು ಓಡಾಡಲು ಜಾಗ, ಅಷ್ಟೇ. ಅದು ಬರೀ ಮುಚ್ಚಳ.

ಈ ಮುಚ್ಚಳವೇ ಇದರ ದೊಡ್ಡ ಗುಣ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಫ್ಲಾಟ್‌ಹೆಡ್ಡೇ. ಅದರ ಹೆಡ್ಡನ್ನು ಬಿಚ್ಚಿ ತೆಗೆಯಬಹುದಿತ್ತು. ಆ ಕಾಲದ ಎಷ್ಟೋ ಎಂಜಿನ್ನುಗಳಲ್ಲಿ ಹೆಡ್ಡು, ಸಿಲಿಂಡರು ಒಂದೇ ಎರಕ. ಒಳಗೆ ಏನಾಗಿದೆ ಅಂತ ನೋಡಲು ಕೆಳಗಿನಿಂದ ಇಡೀ ಎಂಜಿನ್ ಕಳಚಬೇಕು. ಮಾಡೆಲ್ ಟಿ ಇದ್ದ ರೈತ ಮಾತ್ರ ಹೊಲದ ಬದುವಿನಲ್ಲೇ ಬೋಲ್ಟು ಬಿಚ್ಚಿ ಒಳಗೆ ಕಣ್ಣಾಡಿಸುತ್ತಿದ್ದ. ನೋಡಿ ಅಂತ ಬಾಗಿಲು ಇಟ್ಟುಕೊಟ್ಟಿದ್ದಾರೆ. ನಾವು ನೋಡುವುದಿಲ್ಲ, ಹಗ್ಗ ಕಟ್ಟಿ ಎಳೆಯುತ್ತೇವೆ.

ಗುರುತು ಹಿಡಿಯುವುದು ಸುಲಭ. ಬಾನೆಟ್ ಎತ್ತಿ ಮೇಲಿನಿಂದ ನೋಡಿ. ಎಂಜಿನ್ನಿನ ತಲೆ ಮೇಲೆ ಉದ್ದದ ತಗಡಿನ ಪೆಟ್ಟಿಗೆ ಕವುಚಿ ಹಾಕಿದ ಹಾಗೆ ಇದ್ದರೆ ಅದು ರಾಕರ್ ಕವರ್. ಅದು ಫ್ಲಾಟ್‌ಹೆಡ್ ಅಲ್ಲ. ಪೆಟ್ಟಿಗೆ ಇಲ್ಲ, ಕೂರುವ ಮಣೆಯ ಹಾಗೆ ಚಪ್ಪಟೆ ಬೀಡು ಕಬ್ಬಿಣ, ಸುತ್ತ ಬೋಲ್ಟುಗಳು, ಮೇಲೆ ಸಾಲಾಗಿ ಪ್ಲಗ್ಗುಗಳು. ಅದು ಫ್ಲಾಟ್‌ಹೆಡ್. ಇಷ್ಟೇ.

ನಮ್ಮ ಕಡೆ ಹೆಚ್ಚು ಗೊಂದಲ ಜೀಪಿನದು. ಯುದ್ಧದ ಕಾಲದ ವಿಲ್ಲೀಸ್ ಜೀಪು ಪಕ್ಕಾ ಫ್ಲಾಟ್‌ಹೆಡ್. ನಾಲ್ಕು ಸಿಲಿಂಡರ್, 2.2 ಲೀಟರ್, 60 ಹಾರ್ಸ್‌ಪವರ್. ಆಮೇಲೆ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ, ನಮ್ಮಲ್ಲಿ ಮಹೀಂದ್ರಾದವರು ತಯಾರಿಸಿದ್ದು, ಅದು ಬೇರೆ. ಅದರಲ್ಲಿ ಗಾಳಿಯ ವಾಲ್ವು ಮೇಲೆ, ಹೊಗೆಯ ವಾಲ್ವು ಪಕ್ಕದಲ್ಲಿ. ನಾನು ಹುಡುಗರಿಗೆ ಅರ್ಧನಾರೀಶ್ವರ ಎಂಜಿನ್ ಅಂತ ಪಾಠ ಮಾಡುತ್ತಿದ್ದೆ. ಬಾನೆಟ್ ಎತ್ತರವಾದದ್ದೇ ಆ ಎತ್ತರದ ಎಂಜಿನ್ ಕೂರಿಸಲು. ಅಂಬಾಸಿಡರ್‌ನಲ್ಲಿ ಮೊದಮೊದಲು ಬಂದವು 1476 ಸಿಸಿ ಸೈಡ್ ವಾಲ್ವ್. ಆಮೇಲಿನ 1489 ಸಿಸಿ ಎಂಜಿನ್ನಿಗೆ ವಾಲ್ವು ಮೇಲೆ. ಷೆವರ್ಲೆ ಇಟ್ಟುಕೊಂಡವರು ನನ್ನ ಹತ್ತಿರ ಯಾವಾಗಲೂ ವಾದಕ್ಕೆ ಬರುತ್ತಾರೆ. ಸ್ವಾಮಿ, 1929ರ ಆರು ಸಿಲಿಂಡರಿನಿಂದ ಈಚೆಗೆ ನಿಮ್ಮದು ಫ್ಲಾಟ್‌ಹೆಡ್ ಅಲ್ಲ. ಹಳೆಯದೆಲ್ಲ ಫ್ಲಾಟ್‌ಹೆಡ್ ಆಗುವುದಿಲ್ಲ.

ಈಗ ಸಾಗರದ ಪ್ಲಿಮತ್ ಕತೆ ಹೇಳುತ್ತೇನೆ. ಇದನ್ನು ಹೇಳದೆ ನನಗೆ ಮುಂದೆ ಹೋಗಲು ಬರುವುದಿಲ್ಲ.

ಸಾಗರದಿಂದ ಒಳಗೆ, ಒಂದು ಅಡಿಕೆ ತೋಟದ ಮನೆ. ಆ ಮನೆಯ ಅಮ್ಮನಿಗೆ ಆಗಲೇ ಎಂಬತ್ತು ದಾಟಿತ್ತು. ಯಜಮಾನರು ತಂದ ಪ್ಲಿಮತ್ ಕಾರು ಕೊಟ್ಟಿಗೆಯಲ್ಲಿ ಇಪ್ಪತ್ತೆಂಟು ಮಳೆಗಾಲ ಕಳೆದಿತ್ತು. ಮೊಮ್ಮಗನಿಗೆ ಆಯುಧಪೂಜೆಯ ದಿನ ಅದನ್ನು ಸ್ಟಾರ್ಟ್ ಮಾಡಿ ಅಜ್ಜಿಯನ್ನು ಕೂರಿಸಿ ಊರು ಸುತ್ತಿಸುವ ಆಸೆ. ಒಳ್ಳೆ ಆಸೆಯೇ. ನಾನು ಹೋಗಿ ಇಳಿಯುವಷ್ಟರಲ್ಲಿ ಟ್ರಾಕ್ಟರು ಎದುರಿಗೆ ನಿಂತಿತ್ತು, ಕಾರಿನ ಮುಂದಿನ ಆಕ್ಸಲ್ಲಿಗೆ ಹಗ್ಗ ಬಿಗಿದಾಗಿತ್ತು. "ಮೇಷ್ಟ್ರೇ, ಮೂರನೇ ಗೇರಿಗೆ ಹಾಕಿ ಎಳೆದರೆ ಹಿಡಿಯುತ್ತೆ ಅಲ್ವಾ?" ಅಂದ. ನಾನು ಮಾತಾಡಲಿಲ್ಲ. ಜೇಬಿನಲ್ಲಿದ್ದ ಚಾಕು ತೆಗೆದು ಹಗ್ಗ ಕೊಯ್ದೆ. ಹೊಸ ಹಗ್ಗ. ಹುಡುಗನ ಮುಖ ನೋಡಬೇಕಿತ್ತು. ಅಮ್ಮ ಜಗಲಿಯಿಂದಲೇ, "ಅಪ್ಪಿ, ಮೇಷ್ಟ್ರು ಹೇಳಿದ ಹಾಗೆ ಕೇಳು" ಅಂದರು.

ಯಾಕೆ ಕೊಯ್ದೆ? ವಯಸ್ಸಿನಲ್ಲಿ ನಾನೇ ಒಂದು ಮಿಲಿಟರಿ ಜೀಪನ್ನು ಲಾರಿಗೆ ಕಟ್ಟಿ ಎಳೆಸಿದ್ದೆ. ಜಾಮ್ ಆದ ಪಿಸ್ಟನ್ ಅಲ್ಲೇ ಕೂತಿತ್ತು, ಅದನ್ನು ತಳ್ಳಿ ಎಳೆಯುವ ಕೆಳಗಿನ ಕನೆಕ್ಟಿಂಗ್ ರಾಡು ಬಾಗಿಹೋಯಿತು. ಆ ರಾಡು ಇವತ್ತಿಗೂ ನಮ್ಮನೆ ಕಿಟಕಿಯಲ್ಲಿದೆ. ಅದಕ್ಕೇ ಹೇಳುವುದು, ತಿರುಗಿಸಬೇಡಿ, ಮೊದಲು ಮುಚ್ಚಳ ತೆಗೀರಿ.

ಸರಿ, ಮುಚ್ಚಳ ತೆಗೆಯಲು ಕೂತೆವು. ಒಂದೇ ದಿನದ ಕೆಲಸ ಅಲ್ಲ ಅದು. ಪ್ರತಿ ಬೋಲ್ಟಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನಾಲ್ಕನೇ ದಿನ ಪಾನಾ ಹಾಕಿದೆವು. ಬಿಚ್ಚುವ ಮೊದಲು ಸ್ವಲ್ಪವೇ ಬಿಗಿ ಮಾಡುವುದು, ಟಿಕ್ ಅಂದರೆ ಆಮೇಲೆ ಹಿಂದಕ್ಕೆ. ನೀರಿನ ಜಾಗಕ್ಕೆ ಇಳಿದ ಬೋಲ್ಟುಗಳೇ ಹೆಚ್ಚು ಹಟ ಮಾಡುವುದು. ಹುಡುಗನಿಗೆ ಒಂದು ಕೆಲಸ ಕೊಟ್ಟೆ. ಅಡಿಕೆ ಹಾಳೆಯ ಮೇಲೆ ಹೆಡ್ಡಿನ ಚಿತ್ರ ಬರೆದು, ತೂತು ಮಾಡಿ, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ಸಿಕ್ಕಿಸುವುದು. ಎಲ್ಲ ಬಿಚ್ಚಿದ ಮೇಲೂ ಹೆಡ್ಡು ಅಲ್ಲಾಡಲಿಲ್ಲ. ಅವನು ಉಳಿ ತರಲು ಎದ್ದ. ಉಳಿ ಹಾಕಿದರೆ ಬ್ಲಾಕಿನ ಮುಖಕ್ಕೆ ಗೀರು ಬೀಳುತ್ತದೆ, ಆಮೇಲೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದ ಹಾಗೆ ಇಡುವ ಗ್ಯಾಸ್ಕೆಟ್ ಎಂಥದ್ದು ಹಾಕಿದರೂ ಸೋರುತ್ತದೆ. ಅಂಚಿಗೆ ಮರದ ತುಂಡು ಇಟ್ಟು, ಸುತ್ತಲೂ ತಟ್ಟುತ್ತಾ ಬಂದೆವು. ಮಧ್ಯಾಹ್ನದ ಊಟಕ್ಕೆ ಕರೆಯುವ ಹೊತ್ತಿಗೆ ಎದ್ದಿತು.

ಒಳಗೆ ಏನಿತ್ತು ಗೊತ್ತಾ? ಆರು ಸಿಲಿಂಡರಿನಲ್ಲಿ ಐದು ಚೆನ್ನಾಗಿದ್ದವು. ಬೆರಳು ಆಡಿಸಿದರೆ ಇನ್ನೂ ಎಣ್ಣೆಯ ಜಿಡ್ಡು. ಐದನೆಯದರಲ್ಲಿ ಮಾತ್ರ ಗೋಡೆಗೆ ಕೆಮ್ಮಣ್ಣು ಬಳಿದ ಹಾಗೆ ತುಕ್ಕು. ಯಾಕೆ ಅದೊಂದರಲ್ಲೇ? ಪಕ್ಕದಲ್ಲೇ ಉತ್ತರ ಇತ್ತು. ಅದರ ಹೊಗೆ ವಾಲ್ವು ತೆರೆದುಕೊಂಡೇ ನಿಂತಿತ್ತು. ಯಾವ ಎಂಜಿನ್ ನಿಂತರೂ ಒಂದೆರಡು ವಾಲ್ವು ತೆರೆದಿರುತ್ತವೆ. ನಮ್ಮ ಮಳೆಗಾಲದ ಥಂಡಿ ಗಾಳಿ ಸೈಲೆನ್ಸರ್ ಕೊಳವೆಯಲ್ಲಿ ನುಗ್ಗಿ, ಆ ತೆರೆದ ಬಾಗಿಲಿನಿಂದ ಸೀದಾ ಸಿಲಿಂಡರಿಗೆ. ಇಪ್ಪತ್ತೆಂಟು ಮಳೆಗಾಲ! ಹಗ್ಗ ಕಟ್ಟಿ ಎಳೆದಿದ್ದರೆ ಆ ಐದನೇ ಪಿಸ್ಟನ್ ಚೂರಾಗುತ್ತಿತ್ತು. ಮುಚ್ಚಳ ತೆಗೆದಿದ್ದಕ್ಕೆ ಕಣ್ಣಿಗೆ ಬಿತ್ತು.

ಪಿಸ್ಟನ್ ಮೇಲೆ ಸೀಮೆಎಣ್ಣೆ, ಪವರ್ ಸ್ಟೀರಿಂಗ್ ಎಣ್ಣೆ ಸಮಸಮ ಬೆರೆಸಿ ನಿಲ್ಲಿಸಿದೆವು. ಇಳಿದ ಹಾಗೆಲ್ಲ ತುಂಬುವುದು ಅಮ್ಮನ ಕೆಲಸ. ತುಳಸಿಗೆ ನೀರು ಹಾಕಿ ಬಂದು ಇದಕ್ಕೆ ಎಣ್ಣೆ ಹಾಕುತ್ತಿದ್ದರಂತೆ. ಹತ್ತೊಂಬತ್ತನೇ ದಿನ ಅಗಲದ ಮರದ ತುಂಡು ಇಟ್ಟು ಮೆಲ್ಲಗೆ ಕುಟ್ಟಿದೆ. ಟಕ್ ಅಂತು. ಕೂದಲೆಳೆಯಷ್ಟು ಇಳಿದಿತ್ತು. ಅಷ್ಟು ಸಾಕು, ಮುಂದಿನದು ಸುಲಭ.

ಇನ್ನೊಂದು ಇದೆ. ಹುಡುಗ ಮುಂಚೆಯೇ ಮುಂಬೈಯಿಂದ ಹೆಡ್ ಗ್ಯಾಸ್ಕೆಟ್ ತರಿಸಿ ಇಟ್ಟಿದ್ದ. ಇಟ್ಟು ನೋಡಿದರೆ ಎರಡು ಇಂಚು ಗಿಡ್ಡ! ಅಂಗಡಿಯವರ ತಪ್ಪಲ್ಲ. ಅಮೆರಿಕದಲ್ಲಿ ಮಾಡಿದ ಪ್ಲಿಮತ್, ಡಾಡ್ಜ್ ಆರು ಸಿಲಿಂಡರಿನ ಹೆಡ್ಡು 23 ಇಂಚು ಉದ್ದ. ಕೆನಡಾದಲ್ಲಿ ಮಾಡಿದ್ದು 25 ಇಂಚು. ಇವರದು ಕೆನಡಾದ್ದು. ತಮಾಷೆ ಏನೆಂದರೆ ಎರಡೂ 218 ಘನ ಇಂಚಿನ ಎಂಜಿನ್ನೇ. ಪುಸ್ತಕದಲ್ಲಿ ಬರೀ 218 ಅಂತ ನೋಡಿ ಸಾಮಾನು ತರಿಸಿದರೆ ಹೀಗೇ ಆಗುವುದು. ಟೇಪು ಹಿಡಿಯಿರಿ. ಬ್ಲಾಕಿನ ಎಡಗಡೆ, ಮುಂದೆ, ಡೈನಮೋದ ಮೇಲ್ಗಡೆ ನಂಬರ್ ಹೊಡೆದಿರುತ್ತಾರೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಓದಿ, ಬರೆದುಕೊಳ್ಳಿ.

ನೀರಿನ ಪಂಪು ಬಿಚ್ಚಿದರೆ ಅದರ ಹಿಂದೆ ಬ್ಲಾಕಿನ ಉದ್ದಕ್ಕೂ ಒಂದು ತಗಡಿನ ಕೊಳವೆ ಇರುತ್ತದೆ. ವಾಲ್ವುಗಳ ಹತ್ತಿರಕ್ಕೆ ತಣ್ಣೀರು ಹಂಚುವುದು ಅದರ ಕೆಲಸ. ಇವರದನ್ನು ಕೊಕ್ಕೆ ಹಾಕಿ ಎಳೆದರೆ ಹಪ್ಪಳದ ಹಾಗೆ ಚೂರುಚೂರಾಗಿ ಬಂತು. ಹಿಂದುಗಡೆ ಹಂಡೆಯ ತಳದ ಕಿಟ್ಟದಂಥ ಕೆಸರು. ಆ ಕೊಳವೆ ಕೊಳೆತರೆ ಹಿಂದಿನ ಸಿಲಿಂಡರುಗಳು ಕಾದು ಸಾಯುತ್ತವೆ. ರೇಡಿಯೇಟರ್ ಎಷ್ಟು ತೊಳೆಸಿದರೂ ಘಾಟಿ ಹತ್ತುವಾಗ ಕುದಿಯುತ್ತದೆ ಅನ್ನುವ ಪ್ಲಿಮತ್, ಡಾಡ್ಜ್‌ನವರು ಮೊದಲು ಈ ಕೊಳವೆ ನೋಡಿ. ನಾವು ಹಿತ್ತಾಳೆ ತಗಡಿನಲ್ಲಿ ಹೊಸದು ಮಾಡಿಸಿದೆವು.

ಅಯ್ಯೋ, ಕತೆಯಲ್ಲೇ ಹೊತ್ತು ಹೋಯಿತು. ಗಾಜಿನ ಆಚೆಯಿಂದ ಮೂರು ಬೆರಳು ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಬಿರುಕು. ಬೀಡು ಕಬ್ಬಿಣದ ಸ್ವಭಾವ ಭದ್ರಾವತಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬಾಗುವುದಿಲ್ಲ, ಸೀಳುತ್ತದೆ. ವಾಲ್ವು ಕೂರುವ ಜಾಗಕ್ಕೂ ಸಿಲಿಂಡರಿಗೂ ನಡುವೆ ನೋಡಿ. ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕು ಇದ್ದರೆ ಗೆರೆ ತಾನೇ ಮೂಡುತ್ತದೆ. ಇದನ್ನೂ ಮುಚ್ಚಳ ತೆಗೆದರೆ ಮಾತ್ರ ಮಾಡಲು ಆಗುವುದು.

ಫೋರ್ಡ್ ವಿ-8, ಅದಕ್ಕೇ ಒಂದು ದಿನ ಬೇಕು. 1932ರಲ್ಲಿ ಬಂತು, 221 ಘನ ಇಂಚು, 65 ಹಾರ್ಸ್‌ಪವರ್. ಒಂದು ಹೆಡ್ಡಿನ ಸ್ಟಡ್, ಅಂದರೆ ಹೆಡ್ಡನ್ನು ಹಿಡಿದಿಡುವ ತಿರುಪು ಕಡ್ಡಿ, ಎಣಿಸಿ. 21 ಇದ್ದರೆ ಮೊದಲಿನ ಕಾಲದ್ದು, 24 ಇದ್ದರೆ 1938ರಿಂದ ಈಚೆಯದು, 17 ಇದ್ದರೆ ಚಿಕ್ಕ 60 ಹಾರ್ಸ್‌ಪವರಿನದು. ಅದರ ಹೊಗೆಯ ದಾರಿ ಬ್ಲಾಕಿನ ನೀರಿನ ನಡುವೆಯೇ ಹಾದು ಹೋಗುತ್ತದೆ, ಅದಕ್ಕೇ ಅಷ್ಟು ಕಾಯುವುದು.

ಮುಚ್ಚಳ ವಾಪಸ್ ಹಾಕುವಾಗ ಬೋಲ್ಟನ್ನು ನಡುವಿನಿಂದ ಶುರು ಮಾಡಿ ಹೊರಗಿನ ಕಡೆ ಬಿಗಿ ಮಾಡುತ್ತಾ ಬನ್ನಿ. ಒಂದೇ ಸಲಕ್ಕೆ ಅಲ್ಲ, ಮೂರು ಸುತ್ತು. ಎಂಜಿನ್ ಒಮ್ಮೆ ಬಿಸಿಯಾದ ಮೇಲೆ ಇನ್ನೊಂದು ಸುತ್ತು.

ಪೆಟ್ರೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2000ನೇ ಇಸವಿಯಿಂದ ಸೀಸದ ಪೆಟ್ರೋಲ್ ಇಲ್ಲ, ಹಳೆ ಎಂಜಿನ್ ಹಾಳಾಗುತ್ತೆ ಅಂತ ಹೆದರಿಸುವವರಿದ್ದಾರೆ. ಮನೆ ಕಾರಿಗೆ ಆ ಹೆದರಿಕೆ ಬೇಡ. ಈಗಿನ ಪೆಟ್ರೋಲಿನ ಎಥನಾಲ್‌ಗೆ ಹೆದರಿ. ಅದು ನೀರು ಎಳೆದುಕೊಳ್ಳುತ್ತದೆ, ಹಳೆ ರಬ್ಬರನ್ನು ತಿನ್ನುತ್ತದೆ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಮ್, ಅಂದರೆ ಒಳಗಿನ ಪೊರೆ, ಬದಲಾಯಿಸಿ. ಗಾಡಿ ನಿಲ್ಲಿಸುವ ಕಾಲಕ್ಕೆ ಟ್ಯಾಂಕು ಖಾಲಿ ಮಾಡಿ.

ಬ್ಯಾಟರಿ. ಆ ಪ್ಲಿಮತ್ 6 ವೋಲ್ಟಿನದು, ಪ್ಲಸ್ ತಂತಿ ಬಾಡಿಗೆ ಹೋಗುತ್ತದೆ. ಅಭ್ಯಾಸಬಲದಿಂದ ಮೈನಸ್ ಕೊಟ್ಟೀರಿ, ಜೋಕೆ.

ಕೊನೆಯದಾಗಿ, ನನಗೆ ಪತ್ರ ಬರೆಯುವವರು ಆಕಾಶವಾಣಿಯ ವಿಳಾಸಕ್ಕೆ ಬರೆಯಿರಿ. ಫೋಟೋ ಕಳಿಸುವುದಾದರೆ ಕಾರಿನ ಮುಂದೆ ಮನೆಯವರೆಲ್ಲ ಸಾಲಾಗಿ ನಿಂತು ತೆಗೆಸಿದ್ದು ಬೇಡ, ಅಂಥವು ನನ್ನ ಹತ್ತಿರ ರಾಶಿ ಬಿದ್ದಿವೆ. ಬಾನೆಟ್ ಎತ್ತಿ, ಮೇಲಿನಿಂದ ಹೆಡ್ಡಿನದೊಂದು, ನಂಬರಿನದೊಂದು. ಜೊತೆಗೆ ಹೆಡ್ಡಿನ ಉದ್ದ ಇಂಚಿನಲ್ಲಿ. ಮತ್ತೆ, ಪತ್ರಕ್ಕೆ ಉತ್ತರ ಬರುವ ತನಕ ಆ ಟ್ರಾಕ್ಟರನ್ನು ಗದ್ದೆಗೇ ಕಳಿಸಿರಿ.

ನಮಸ್ಕಾರ.