ಕರೆದರು, ಬಂದೆವು

ಕೇಳುಗರೇ, ನಮಸ್ಕಾರ.

ಕಾಲೇಜಿನಲ್ಲಿದ್ದಾಗ ನಾನೊಂದು ಚಾರಿತ್ರಿಕ ನಾಟಕದಲ್ಲಿ ದೂತನ ಪಾರ್ಟು ಮಾಡಿದ್ದೆ. ನನ್ನ ಕೈಗೆ ಸಿಕ್ಕಿದ್ದು ಅರ್ಧ ಹಾಳೆ. ಅದರಲ್ಲಿ ಎರಡೇ ಮಾತು. "ಪ್ರಭು, ಗಡಿಯಿಂದ ಓಲೆ ಬಂದಿದೆ" ಅನ್ನುವುದು ಒಂದು. "ಅಪ್ಪಣೆ" ಅನ್ನುವುದು ಇನ್ನೊಂದು. ಓಲೆಯಲ್ಲಿ ಏನಿದೆ ಸರ್ ಅಂತ ನಾಟಕ ಆಡಿಸುತ್ತಿದ್ದ ಮೇಷ್ಟ್ರನ್ನು ಕೇಳಿದೆ. "ನಿನಗ್ಯಾಕೋ ಅದು? ಕೊಡು, ತಲೆ ಬಗ್ಗಿಸು, ಹೋಗು" ಅಂದರು. ಕೊಟ್ಟೆ, ಬಗ್ಗಿಸಿದೆ, ಹೋದೆ. ನಾನು ತಂದ ಓಲೆಯಿಂದ ಒಬ್ಬ ಮಂತ್ರಿಯ ತಲೆ ಹೋಗುತ್ತದೆ ಅಂತ ಗೊತ್ತಾಗಿದ್ದು ಪ್ರದರ್ಶನದ ರಾತ್ರಿ, ಸೈಡ್ ವಿಂಗಿನಲ್ಲಿ ನಿಂತು ಮುಂದಿನ ದೃಶ್ಯ ನೋಡಿದಾಗ.

ಆ ಅರ್ಧ ಹಾಳೆ ನೆನಪಾದಾಗಲೆಲ್ಲ ಇನ್ನಿಬ್ಬರು ನೆನಪಾಗುತ್ತಾರೆ. ಒಬ್ಬ ರೋಸೆನ್‌ಕ್ರಾಂಟ್ಸ್, ಇನ್ನೊಬ್ಬ ಗಿಲ್ಡೆನ್‌ಸ್ಟರ್ನ್. ಹೆಸರು ಉದ್ದ, ಪಾರ್ಟು ಗಿಡ್ಡ. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದಲ್ಲಿ ಹೀಗೆ ಬಂದು ಹಾಗೆ ಹೋಗುವವರು.

ಹ್ಯಾಮ್ಲೆಟ್ ಕಥೆ ನಿಮಗೆ ಗೊತ್ತಿರಬಹುದು. ಕುವೆಂಪು ಅದನ್ನೇ ಬಿದನೂರಿಗೆ ತಂದು 'ರಕ್ತಾಕ್ಷಿ' ಬರೆದರು. ಡೆನ್ಮಾರ್ಕಿನ ರಾಜ ಸಾಯುತ್ತಾನೆ. ಅವನ ತಮ್ಮ ಪಟ್ಟಕ್ಕೇರಿ ಅತ್ತಿಗೆಯನ್ನೇ ಮದುವೆಯಾಗುತ್ತಾನೆ. ರಾಜಕುಮಾರ ಹ್ಯಾಮ್ಲೆಟ್ ಹುಚ್ಚನ ಹಾಗೆ ಆಡತೊಡಗುತ್ತಾನೆ. ಇವನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು ಹೊಸ ರಾಜ ಅವನ ಬಾಲ್ಯದ ಗೆಳೆಯರಿಬ್ಬರನ್ನು ಕರೆಸುತ್ತಾನೆ. ಅವರೇ ಇವರು. ಇವರು ಯಾಕೆ ಬಂದಿದ್ದಾರೆ ಅಂತ ಹ್ಯಾಮ್ಲೆಟ್‌ಗೆ ಮೊದಲ ಭೇಟಿಯಲ್ಲೇ ತಿಳಿದುಬಿಡುತ್ತದೆ. ಆಮೇಲೆ ರಾಜ ಅವನನ್ನು ಇಂಗ್ಲೆಂಡಿಗೆ ಸಾಗಹಾಕುತ್ತಾನೆ. ಜೊತೆಗೆ ಇವರಿಬ್ಬರು, ಇವರ ಕೈಯಲ್ಲೊಂದು ಕಾಗದ. ಹ್ಯಾಮ್ಲೆಟ್‌ನ ತಲೆ ತೆಗೆಯಿರಿ ಅಂತ ಅದರಲ್ಲಿದೆ. ಹಡಗಿನಲ್ಲಿ ಹ್ಯಾಮ್ಲೆಟ್ ಅದನ್ನು ಕದ್ದು ಓದಿ, ಬೇರೆ ಕಾಗದ ಬರೆದಿಡುತ್ತಾನೆ. ಇದನ್ನು ತಂದವರ ತಲೆ ತೆಗೆಯಿರಿ. ಅಷ್ಟೇ. ಅವರಿಬ್ಬರು ಮುಗಿದರು. ನನ್ನ ಮನಸ್ಸಾಕ್ಷಿಗೆ ಅದೇನೂ ತಟ್ಟುವುದಿಲ್ಲ ಅಂತ ಹ್ಯಾಮ್ಲೆಟ್ ಕೊನೆಗೆ ಗೆಳೆಯನಿಗೆ ಹೇಳುತ್ತಾನೆ.

ಇವರ ಲೆಕ್ಕ ಎಷ್ಟು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಇಂಗ್ಲಿಷ್ ನಟ ಲಾರೆನ್ಸ್ ಒಲಿವಿಯರ್ 1948ರಲ್ಲಿ ಹ್ಯಾಮ್ಲೆಟ್ ಸಿನಿಮಾ ಮಾಡಿದಾಗ ಇವರಿಬ್ಬರನ್ನೂ ಪೂರಾ ತೆಗೆದುಹಾಕಿದರು. ಸಿನಿಮಾಕ್ಕೆ ಆಸ್ಕರ್ ಬಂತು.

ಹೀಗೆ ಇದ್ದರೂ ಇಲ್ಲದಿದ್ದರೂ ನಡೆಯುವ ಈ ಇಬ್ಬರನ್ನು ಮುಂದೆ ನಿಲ್ಲಿಸಿ ಹ್ಯಾಮ್ಲೆಟ್‌ನನ್ನು ಹಿಂದಕ್ಕೆ ಸರಿಸಿದವರು ಇಂಗ್ಲಿಷ್ ನಾಟಕಕಾರ ಟಾಮ್ ಸ್ಟಾಪರ್ಡ್. ನಾಟಕದ ಹೆಸರು 'ರೋಸೆನ್‌ಕ್ರಾಂಟ್ಸ್ ಅಂಡ್ ಗಿಲ್ಡೆನ್‌ಸ್ಟರ್ನ್ ಆರ್ ಡೆಡ್'. ಅಂದರೆ ಇಬ್ಬರೂ ಸತ್ತರು. ಕೊನೆ ಏನು ಅಂತ ಟಿಕೆಟ್ಟಿನ ಮೇಲೇ ಅಚ್ಚಾಗಿದೆ! 1966ರ ಆಗಸ್ಟಿನಲ್ಲಿ ಎಡಿನ್‌ಬರೋದ ಫ್ರಿಂಜ್ ಉತ್ಸವದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ತಂಡ ಇದನ್ನು ಮೊದಲು ಆಡಿತು. 1967ರ ಏಪ್ರಿಲ್‌ನಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಇದನ್ನು ಓಲ್ಡ್ ವಿಕ್ ರಂಗಮಂದಿರಕ್ಕೆ ತಂದಿತು. ಬರೆದವರಿಗೆ ಆಗ 29 ವರ್ಷ. ಕಾಲೇಜಿನ ಮೆಟ್ಟಿಲು ಹತ್ತದೆ 17ಕ್ಕೇ ಪತ್ರಿಕೆಯ ಕೆಲಸಕ್ಕೆ ಸೇರಿದ್ದ ಹುಡುಗ. ನ್ಯೂಯಾರ್ಕಿನಲ್ಲಿ ಯಾರೋ ಈ ನಾಟಕ ಯಾವುದರ ಬಗ್ಗೆ ಅಂತ ಕೇಳಿದಾಗ, ನನ್ನನ್ನು ಸಾಹುಕಾರನನ್ನಾಗಿ ಮಾಡುವುದರ ಬಗ್ಗೆ ಅಂದರಂತೆ. ಹಾಗೊಂದು ಕಥೆ ಇದೆ.

ಪರದೆ ಏಳುತ್ತದೆ. ದಾರಿ ಮಧ್ಯೆ ಇಬ್ಬರು ಕೂತು ನಾಣ್ಯ ಚಿಮ್ಮುತ್ತಿದ್ದಾರೆ. ಬಿದ್ದದ್ದು ಹೆಡ್ಸ್. ಮತ್ತೆ ಹೆಡ್ಸ್. ಮತ್ತೂ ಹೆಡ್ಸ್. ಸತತ 92 ಸಲ ಹೆಡ್ಸ್! ಲೆಕ್ಕ ಹಾಕಿದರೆ, ಹೀಗಾಗುವ ಸಂಭವ ಸುಮಾರು 5ರ ಮುಂದೆ 27 ಸೊನ್ನೆ ಇಟ್ಟಷ್ಟರಲ್ಲಿ ಒಂದು. ರೋಸೆನ್‌ಕ್ರಾಂಟ್ಸ್‌ಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಗೆಳೆಯನ ದುಡ್ಡೆಲ್ಲ ತನ್ನ ಚೀಲಕ್ಕೆ ಬರುತ್ತಿದೆಯಲ್ಲ ಅಂತ ಸ್ವಲ್ಪ ನಾಚಿಕೆ, ಅಷ್ಟೇ. ಗಿಲ್ಡೆನ್‌ಸ್ಟರ್ನ್‌ಗೆ ಮಾತ್ರ ಎದೆ ನಡುಗುತ್ತದೆ. ಎಲ್ಲೋ ಏನೋ ತಪ್ಪಿದೆ ಅಂತ ಅವನು ತರ್ಕದ ಮೇಲೆ ತರ್ಕ ಹೂಡುತ್ತಾನೆ. ಯಾವ ತರ್ಕವೂ ಅವನನ್ನು ಸಮಾಧಾನ ಮಾಡುವುದಿಲ್ಲ.

ಇಲ್ಲಿಗೆ ಯಾಕೆ ಬಂದೆವು ಅಂತ ನೆನಪು ಮಾಡಿಕೊಳ್ಳಲು ನೋಡುತ್ತಾರೆ. ಸಿಗುವುದು ಒಂದೇ ಚಿತ್ರ. ಬೆಳಗಿನ ಜಾವ, ಇನ್ನೂ ಕತ್ತಲು. ಯಾರೋ ಕಿಟಕಿಯ ಕದ ಬಡಿದು ಹೆಸರು ಹಿಡಿದು ಕೂಗಿದರು. ಕರೆದರು, ಬಂದೆವು. ಅದಕ್ಕೂ ಹಿಂದೆ ಏನೂ ಇಲ್ಲ. ಊರು, ಅಪ್ಪ, ಅಮ್ಮ, ಏನೂ ಇಲ್ಲ. ಷೇಕ್ಸ್‌ಪಿಯರ್ ಬರೆಯಲಿಲ್ಲ, ಹಾಗಾಗಿ ಇಲ್ಲ.

ನನಗೆ ತುಂಬ ಇಷ್ಟವಾದ ಗಳಿಗೆ ಇನ್ನು ಮುಂದಿದೆ. ಇದ್ದಕ್ಕಿದ್ದಂತೆ ಒಂದು ನಾಣ್ಯ ಟೇಲ್ಸ್ ಬೀಳುತ್ತದೆ. ಮರುಕ್ಷಣ ಬೆಳಕು ಬದಲಾಗಿ, ಇವರು ಅರಮನೆಯಲ್ಲಿರುತ್ತಾರೆ. ಷೇಕ್ಸ್‌ಪಿಯರನ ದೃಶ್ಯ ಶುರುವಾಗಿದೆ. ರಾಜ ಇವರನ್ನು ಸ್ವಾಗತಿಸಿ ಹೆಸರು ಅದಲುಬದಲು ಮಾಡುತ್ತಾನೆ. ಮೂಲ ನಾಟಕದಲ್ಲೂ ರಾಜ ಒಂದು ಕ್ರಮದಲ್ಲಿ ಹೆಸರು ಹೇಳಿದರೆ ರಾಣಿ ತಿರುವುಮುರುವಾಗಿ ಹೇಳುತ್ತಾಳೆ. ಅಲ್ಲಿ ಅದು ಬರೀ ಒಂದು ಸಾಲು. ಸ್ಟಾಪರ್ಡ್ ಅದನ್ನೇ ಹಿಡಿದು ಎಳೆದರು. ಇವರ ನಾಟಕದಲ್ಲಿ ಆ ಇಬ್ಬರಿಗೇ ತಮ್ಮಲ್ಲಿ ಯಾರು ಯಾರು ಅಂತ ಖಾತ್ರಿಯಿಲ್ಲ.

ರಾಜ, ರಾಣಿ, ಹ್ಯಾಮ್ಲೆಟ್ ಬಂದಾಗ ಹಳೆಯ ಇಂಗ್ಲಿಷ್ ಇವರ ಬಾಯಿಂದ ತಾನಾಗಿ ಬರುತ್ತದೆ. ಅವರು ಆಚೆ ಹೋದರೆ ಮತ್ತೆ ಖಾಲಿ. ಏನು ಮಾಡಬೇಕು, ಎಲ್ಲಿ ನಿಲ್ಲಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಒಂದೂ ತಿಳಿಯದು. ಹೊತ್ತು ಕಳೆಯಲು ಪ್ರಶ್ನೆಗೆ ಪ್ರಶ್ನೆಯನ್ನೇ ಎಸೆಯುವ ಆಟ ಆಡುತ್ತಾರೆ, ಟೆನಿಸ್ ಥರ ಅಂಕ ಎಣಿಸುತ್ತಾ. ಸ್ಯಾಮುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ನಾಟಕದಲ್ಲಿ ಗೋಡೋ ಅನ್ನುವವನಿಗಾಗಿ ಕಾಯುವ ಇಬ್ಬರ ಜೊತೆ ಇವರನ್ನು ಹೋಲಿಸುವುದುಂಟು. ಹೋಲಿಕೆ ಸರಿಯೇ. ಆದರೆ ಅಲ್ಲಿ ಬರಬೇಕಾದವನು ಬರುವುದೇ ಇಲ್ಲ. ಇಲ್ಲಿ ಬರಬೇಕಾದವರೆಲ್ಲ ಬರುತ್ತಾರೆ, ಬಂದು ಇವರ ತಲೆ ಇನ್ನೂ ಕೆಡಿಸಿ ಹೋಗುತ್ತಾರೆ.

ಇವರು ಪೆದ್ದರು ಅಂತ ಕೆಲವರು ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿ ನಟರಿಗೆ ಪೂರ್ತಿ ನಾಟಕ ಬರೆದು ಕೊಡುತ್ತಿರಲಿಲ್ಲ. ಕೈಯಲ್ಲಿ ನಕಲು ಮಾಡಬೇಕಲ್ಲ, ಖರ್ಚು ಜಾಸ್ತಿ. ಅವರವರ ಮಾತು, ಅದಕ್ಕೆ ಮೊದಲು ಎದುರಿನವರು ಹೇಳುವ ಕೊನೆಯ ಎರಡು ಮೂರು ಪದ, ಅಷ್ಟನ್ನು ಒಂದು ಸುರುಳಿಯಲ್ಲಿ ಬರೆದು ಕೊಡುತ್ತಿದ್ದರು. ಅಂದರೆ 400 ವರ್ಷದ ಹಿಂದೆ ರೋಸೆನ್‌ಕ್ರಾಂಟ್ಸ್ ಆಗಿ ನಿಂತ ನಟನ ಕೈಯಲ್ಲೂ ನನ್ನ ಅರ್ಧ ಹಾಳೆಯೇ ಇತ್ತು. ತಿಳಿಸದೆ ಇಟ್ಟವರನ್ನು ತಿಳಿಗೇಡಿಗಳು ಅನ್ನುವುದು ಯಾವ ನ್ಯಾಯ?

ದಾರಿಯಲ್ಲಿ ಇವರಿಗೆ ಊರೂರು ಅಲೆಯುವ ನಾಟಕದ ತಂಡವೊಂದು ಸಿಗುತ್ತದೆ. ಆಡುತ್ತಾ ಆಡುತ್ತಾ ತಂಡದವರು ತಿರುಗಿ ನೋಡಿದರೆ, ಇವರಿಬ್ಬರೂ ಎದ್ದು ಹೋಗಿರುತ್ತಾರೆ. ಮುಂದೆ ಅರಮನೆಯಲ್ಲಿ ಸಿಕ್ಕಾಗ ತಂಡದ ಯಜಮಾನ ಕೆಂಡವಾಗುತ್ತಾನೆ. ಯಾರೋ ನೋಡುತ್ತಿದ್ದಾರೆ ಅನ್ನುವ ಒಂದೇ ನಂಬಿಕೆಯ ಮೇಲೆ ನಾವು ಬದುಕುವುದು, ಅದನ್ನೇ ಕಿತ್ತುಕೊಂಡಿರಲ್ಲ ಅಂತ. ಮೈಕಿನ ಮುಂದೆ ಕೂತಿರುವ ನನಗೆ ಆ ಸಿಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಈ ಸ್ಟುಡಿಯೋದಲ್ಲಿ ನನ್ನೆದುರು ಇರುವುದು ಒಂದು ಗಾಜು. ನೀವು ಕೇಳುತ್ತಿದ್ದೀರಿ, ಅಲ್ವಾ?

ಇದೇ ತಂಡ ಅರಮನೆಯಲ್ಲಿ ಒಂದು ಮೂಕಾಭಿನಯದ ತಾಲೀಮು ನಡೆಸುತ್ತದೆ. ಅದರಲ್ಲಿ ಇಬ್ಬರು ಗೂಢಚಾರರು ಇಂಗ್ಲೆಂಡಿಗೆ ಹೋಗಿ ತಲೆ ಕೊಡುತ್ತಾರೆ. ಅವರು ತೊಟ್ಟಿರುವ ಕೋಟು ಥೇಟ್ ಇವರದೇ. ರೋಸೆನ್‌ಕ್ರಾಂಟ್ಸ್ ಅದರ ಹತ್ತಿರ ಹೋಗಿ ದಿಟ್ಟಿಸಿ ನೋಡುತ್ತಾನೆ. ಎಲ್ಲೋ ನೋಡಿದ ಹಾಗಿದೆ ಅನ್ನಿಸುತ್ತದೆ. ಕೋಟು ಗುರುತು ಸಿಗುವುದಿಲ್ಲ.

ಈಗ ಹಡಗಿಗೆ ಬರೋಣ. ಮೂರನೇ ಅಂಕ. ಇಂಗ್ಲೆಂಡಿನ ರಾಜನ ಮುಂದೆ ಹೇಗೆ ಮಾತಾಡುವುದು ಅಂತ ಇಬ್ಬರೂ ಸುಮ್ನೆ ಅಭ್ಯಾಸ ಮಾಡುತ್ತಿರುತ್ತಾರೆ. ಒಬ್ಬ ರಾಜನಾಗುತ್ತಾನೆ. ಆಟದ ಭರದಲ್ಲಿ ರಾಜನಾದವನು ಕಾಗದ ಕಿತ್ತುಕೊಂಡು ಮುದ್ರೆ ಒಡೆದು ಓದಿಬಿಡುತ್ತಾನೆ. ಹ್ಯಾಮ್ಲೆಟ್‌ನನ್ನು ಕೊಲ್ಲಿಸಬೇಕು ಅಂತಿದೆ. ಹ್ಯಾಮ್ಲೆಟ್ ಅಲ್ಲೇ, ಹಡಗಿನಲ್ಲೇ ಮಲಗಿದ್ದಾನೆ.

ಷೇಕ್ಸ್‌ಪಿಯರನಲ್ಲಿ ಈ ದೃಶ್ಯ ಇಲ್ಲ. ಅಲ್ಲಿ ಕಾಗದದಲ್ಲಿ ಏನಿದೆ ಅಂತ ಇವರಿಗೆ ಗೊತ್ತಿತ್ತೋ ಇಲ್ಲವೋ ಹೇಳುವಂತಿಲ್ಲ. ಸ್ಟಾಪರ್ಡ್ ಈ ಪಾಪದವರ ಪರವಾಗಿ ವಾದ ಮಾಡಿದರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಷೇಕ್ಸ್‌ಪಿಯರ್ ಅನುಮಾನದಲ್ಲಿ ಬಿಟ್ಟಿದ್ದನ್ನು ಸ್ಟಾಪರ್ಡ್ ಖಚಿತ ಮಾಡಿದರು. ಓದಿಸಿದರು. ಓದಿದ ಮೇಲೆ ಗೊತ್ತಿರಲಿಲ್ಲ ಅನ್ನುವಂತಿಲ್ಲ.

ರೋಸೆನ್‌ಕ್ರಾಂಟ್ಸ್ ತಡವರಿಸುತ್ತಾನೆ. ಅವನು ನಮ್ಮ ಗೆಳೆಯ ಅಲ್ವಾ ಅನ್ನುತ್ತಾನೆ. ಹಾಗಂತ ಅವರು ಹೇಳಿದ್ದು ತಾನೆ ಅನ್ನುತ್ತಾನೆ ಗಿಲ್ಡೆನ್‌ಸ್ಟರ್ನ್. ಆಮೇಲೆ ಆ ಬುದ್ಧಿವಂತ, ನಾಣ್ಯ ನೋಡಿ ನಡುಗಿದವನು, ಒಂದು ಉದ್ದನೆಯ ಮಾತು ಆಡುತ್ತಾನೆ. ಮನುಷ್ಯ ಅಂದಮೇಲೆ ಸಾಯುವವನೇ. ಸಾವು ಏನು ಅಂತ ಯಾರಿಗೆ ಗೊತ್ತು, ಒಳ್ಳೆಯದೇ ಇರಬಹುದು. ನಾವು ಸಣ್ಣವರು. ಒಳಗಿನ ವಿಷಯ ನಮಗೆ ತಿಳಿಯದು. ವಿಧಿಯ ಕೆಲಸದಲ್ಲಿ, ರಾಜರ ಕೆಲಸದಲ್ಲಿ ಕೈ ಹಾಕಲು ನಾವ್ಯಾರು? ಹಾಗೆ ಹೇಳಿ, ಕಾಗದವನ್ನು ಮತ್ತೆ ನೀಟಾಗಿ ಕಟ್ಟಿಡೋಣ, ಮುದ್ರೆ ಒಡೆದದ್ದು ಗೊತ್ತಾಗುವುದಿಲ್ಲ ಅನ್ನುತ್ತಾನೆ.

"ದೊಡ್ಡವರ ವಿಷಯ ನಮಗ್ಯಾಕೆ." ಈ ಮಾತನ್ನು ನಾನು ಎಷ್ಟು ಕಡೆ ಕೇಳಿದ್ದೇನೆ, ಎಷ್ಟು ಸಲ ಆಡಿದ್ದೇನೆ ಅಂತ ಲೆಕ್ಕವಿಟ್ಟಿಲ್ಲ.

ಇದು ಅಸ್ತಿತ್ವವಾದದ ನಾಟಕ ಅಂತ ಪಾಠ ಮಾಡುವವರು ಹೇಳುತ್ತಾರೆ. ಮನುಷ್ಯನಿಗೆ ಮೊದಲೇ ಬರೆದಿಟ್ಟ ಉದ್ದೇಶವಿಲ್ಲ, ಆರಿಸಿಕೊಳ್ಳುವುದು ಅವನ ಪಾಲಿನ ಹೊರೆ ಅಂತ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಹೇಳಿದ್ದು. ಸ್ಟಾಪರ್ಡ್ ಮಾತ್ರ, ನನ್ನ ನಾಟಕಕ್ಕೆ ಆ ಪದ ಹಚ್ಚುವವರೆಗೂ ಅದರ ಅರ್ಥವೇ ನನಗೆ ಗೊತ್ತಿರಲಿಲ್ಲ ಅಂದಿದ್ದರು. ಪದ ಬೇಡ, ಬಿಡಿ. ಎರಡು ಅಂಕ ಪೂರ್ತಿ ಒಂದು ಉದ್ದೇಶಕ್ಕಾಗಿ ಹುಡುಕಾಡಿದ ಇಬ್ಬರ ಕೈಗೆ ಆ ಹಡಗಿನಲ್ಲಿ ಅದು ಬಂದಿತ್ತು. ಮಲಗಿದ್ದವನನ್ನು ಎಬ್ಬಿಸಿದ್ದರೆ ಸಾಕಿತ್ತು.

ಎಬ್ಬಿಸಲಿಲ್ಲ. ಇವರು ನಿದ್ದೆ ಹೋದ ಮೇಲೆ ಹ್ಯಾಮ್ಲೆಟ್ ಎದ್ದು ಬಂದು ಕಾಗದ ಬದಲಿಸುತ್ತಾನೆ. ಮರುದಿನ ಕಡಲ್ಗಳ್ಳರು ಹಡಗಿಗೆ ನುಗ್ಗುತ್ತಾರೆ. ಗಲಾಟೆ ಮುಗಿದಾಗ ಹ್ಯಾಮ್ಲೆಟ್ ನಾಪತ್ತೆ. ಇವರು ಕಾಗದವನ್ನು ಇನ್ನೊಮ್ಮೆ ಬಿಚ್ಚುತ್ತಾರೆ. ಈ ಸಲ ಅದರಲ್ಲಿ ತಮ್ಮದೇ ಹೆಸರು. ಶುರುವಿನಲ್ಲಿ ಎಲ್ಲೋ ಒಂದು ಗಳಿಗೆಯಲ್ಲಿ ನಾವು ಆಗುವುದಿಲ್ಲ ಅನ್ನಬಹುದಿತ್ತು, ಹೇಗೋ ತಪ್ಪಿಹೋಯಿತು ಅನ್ನುತ್ತಾನೆ ಗಿಲ್ಡೆನ್‌ಸ್ಟರ್ನ್. ಶುರುವಿನಲ್ಲಲ್ಲ ಮಾರಾಯ, ನೆನ್ನೆ ರಾತ್ರಿ, ಅಂತ ಸಭೆಯಲ್ಲಿ ಕೂತ ನಮಗೆ ಕೂಗಬೇಕೆನ್ನಿಸುತ್ತದೆ. ಒಬ್ಬ ಮರೆಯಾಗುತ್ತಾನೆ. ಇನ್ನೊಬ್ಬ ಮಾತಿನ ಮಧ್ಯದಲ್ಲೇ ಮರೆಯಾಗುತ್ತಾನೆ. ಕತ್ತಿ ಇಲ್ಲ, ರಕ್ತ ಇಲ್ಲ.

ಬೆಳಕು ಬಂದಾಗ ಹ್ಯಾಮ್ಲೆಟ್‌ನ ಕೊನೆಯ ದೃಶ್ಯ. ರಾಜ, ರಾಣಿ, ಹ್ಯಾಮ್ಲೆಟ್, ಎಲ್ಲರೂ ಹೆಣವಾಗಿ ಬಿದ್ದಿದ್ದಾರೆ. ಅಷ್ಟರಲ್ಲಿ ಇಂಗ್ಲೆಂಡಿನಿಂದ ಒಬ್ಬ ರಾಯಭಾರಿ ಬರುತ್ತಾನೆ. ಇವನೂ ಸಣ್ಣ ಪಾರ್ಟಿನವನೇ. ಷೇಕ್ಸ್‌ಪಿಯರ್ ಅವನಿಗೆ ಹೆಸರನ್ನೂ ಕೊಟ್ಟಿಲ್ಲ. ನಿಮ್ಮ ಅಪ್ಪಣೆಯಂತೆ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಸತ್ತರು ಅಂತ ವರದಿ ಒಪ್ಪಿಸಬೇಕು. ಕೇಳಬೇಕಾದ ಕಿವಿಯೇ ಸತ್ತಿದೆ. ಆದರೂ ಒಪ್ಪಿಸುತ್ತಾನೆ. ಒಪ್ಪಿಸಿ, ಮೂಲ ನಾಟಕದಲ್ಲಿ ಅವನು ಇನ್ನೊಂದು ಸಣ್ಣ ಪ್ರಶ್ನೆ ಕೇಳುತ್ತಾನೆ. ಇದಕ್ಕೆ ನಮಗೀಗ ಯಾರು ಧನ್ಯವಾದ ಹೇಳಬೇಕು?

ನಮಸ್ಕಾರ.