ಆರ್ಥರನ ಗೋರಿ ಯಾರಿಗೆ ಬೇಕಾಗಿತ್ತು?

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷರಲ್ಲಿ ತಾವೊಂದು ಜನಾಂಗ ಎಂಬ ಅಭಿಮಾನ ಹೇಗೆ ಬೆಳೆಯಿತು ಎಂದು ಕೇಳಿದರೆ ಕೆಲವರು ದೊರೆಗಳ ಪಟ್ಟಿ ಒಪ್ಪಿಸತೊಡಗುತ್ತಾರೆ. ಆ ಪಟ್ಟಿ ನಮಗೆ ಬೇಡ. ಒಂದೇ ಪ್ರಶ್ನೆ ನೆನಪಿಟ್ಟುಕೊಳ್ಳಿ: ಈ ಕಥೆ ಆ ಹೊತ್ತಿನಲ್ಲಿ ಯಾರಿಗೆ ಬೇಕಾಗಿತ್ತು?

ಆರ್ಥರ್ ರಾಜನನ್ನೇ ತೆಗೆದುಕೊಳ್ಳಿ. ಅವನು ನಿಜವಾಗಿ ಇದ್ದನೇ ಎಂದು ದಯವಿಟ್ಟು ಕೇಳಬೇಡಿ. ಹೋದಲ್ಲೆಲ್ಲ ನನಗೆ ಎದುರಾಗುವ ಪ್ರಶ್ನೆ ಅದು. ಕಥೆಯ ಪ್ರಕಾರ ಅವನು ಬ್ರಿಟನ್ನರ ನಾಯಕ, ಅಂದರೆ ವೇಲ್ಸ್ ಜನರ ಪೂರ್ವಿಕರ ಕಡೆಯವನು. ಅವನು ಸದೆಬಡಿದದ್ದು ಸ್ಯಾಕ್ಸನ್ನರನ್ನು. ಆ ಸ್ಯಾಕ್ಸನ್ನರೇ ಇಂಗ್ಲಿಷರ ಮೂಲಪುರುಷರು! ತಮ್ಮ ಅಜ್ಜಂದಿರನ್ನು ಬಡಿದವನನ್ನೇ ಇಂಗ್ಲಿಷರು ತಮ್ಮ ವೀರನೆಂದು ಮೆರೆಸಿದರು.

ಇದು ಹೇಗಾಯಿತು? ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಎಂಬ ಊರಿನ ಸಂಗತಿ ಕೇಳಿ. 1184ರಲ್ಲಿ ಅಲ್ಲಿನ ದೊಡ್ಡ ಮಠ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಲು ದೊರೆ ಎರಡನೇ ಹೆನ್ರಿ ಹಣ ಕೊಡುತ್ತಿದ್ದ. 1189ರಲ್ಲಿ ಅವನು ತೀರಿಕೊಂಡ. ಮಗ ರಿಚರ್ಡನಿಗೆ ಧರ್ಮಯುದ್ಧದ್ದೇ ಧ್ಯಾನ. ಮಠಕ್ಕೆ ಹಣ ಬರುವುದು ನಿಂತುಹೋಯಿತು. 1191ರ ಸುಮಾರಿಗೆ ಸನ್ಯಾಸಿಗಳು ತಮ್ಮ ಸ್ಮಶಾನವನ್ನು ಅಗೆಯತೊಡಗಿದರು, ಸುತ್ತಲೂ ಪರದೆ ಕಟ್ಟಿಕೊಂಡು! ಸೀಸದ ಶಿಲುಬೆಯೊಂದು ಸಿಕ್ಕಿತು. ಅದರ ಮೇಲೆ ಲ್ಯಾಟಿನ್ನಿನಲ್ಲಿ ಆರ್ಥರನ ಹೆಸರು. ಇನ್ನೂ ಆಳದಲ್ಲಿ ಓಕ್ ಮರದ ಟೊಳ್ಳು ದಿಮ್ಮಿ, ಒಳಗೆ ಭಾರಿ ಮೂಳೆಗಳು. ಜೆರಾಲ್ಡ್ ಎಂಬ ಆ ಕಾಲದ ಪಾದ್ರಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಅಲ್ಲಿದ್ದ ಅತಿ ಎತ್ತರದ ಮನುಷ್ಯನ ಪಾದದ ಪಕ್ಕಕ್ಕೆ ಆ ಕಣಕಾಲಿನ ಮೂಳೆಯನ್ನು ನಿಲ್ಲಿಸಿದರೆ, ಅವನ ಮಂಡಿಯನ್ನೂ ದಾಟಿ ಮೂರು ಬೆರಳು ಮೇಲೆ ಬಂತಂತೆ. ಆರ್ಥರನ ರಾಣಿಯದೆನ್ನಲಾದ ಹೊಂಬಣ್ಣದ ಜಡೆಯೂ ಇತ್ತು, ಹೆಣೆದದ್ದು ಹೆಣೆದ ಹಾಗೆಯೇ. ಒಬ್ಬ ಸನ್ಯಾಸಿ ಆಸೆಬುರುಕನಂತೆ ಕೈಹಾಕಿದ, ಜಡೆ ಪುಡಿಪುಡಿಯಾಯಿತು.

ನನಗೆ ಈ ಜಡೆಯ ಭಾಗ ಬಹಳ ಇಷ್ಟ. ಇರಲಿ. ಯಾರಿಗೆ ಬೇಕಾಗಿತ್ತು? ಮಠಕ್ಕೆ ಯಾತ್ರಿಕರು ಬೇಕಾಗಿದ್ದರು, ಬಂದರು. ದೊರೆಗಳಿಗೂ ಬೇಕಾಗಿತ್ತು. ಆರ್ಥರ್ ಸತ್ತಿಲ್ಲ, ಮರಳಿ ಬರುತ್ತಾನೆ ಎಂದು ವೇಲ್ಸ್ ಜನ ನಂಬಿದ್ದರಲ್ಲ, ಇಲ್ಲಿ ನೋಡಿದರೆ ಅವನ ಮೂಳೆಗಳೇ ಇವೆ! ಒಂದನೇ ಎಡ್ವರ್ಡ್ 1277ರಲ್ಲಿ ವೇಲ್ಸಿನ ಮೇಲೆ ದಂಡೆತ್ತಿ ಹೋದ. 1278ರಲ್ಲಿ ರಾಣಿಯೊಡನೆ ಗ್ಲಾಸ್ಟನ್‌ಬರಿಗೆ ಬಂದು ಆ ಮೂಳೆಗಳಿಗೆ ರಾಜಮರ್ಯಾದೆಯ ಮರುಸಂಸ್ಕಾರ ಮಾಡಿಸಿದ.

ಗಡಿಯಾರ ಮುಂದೋಡುತ್ತಿದೆ. ಕಥೆಯಲ್ಲಿ ಆರ್ಥರ್ ತನ್ನ ವೀರರೊಡನೆ ಒಂದು ದುಂಡುಮೇಜಿನ ಸುತ್ತ ಕೂರುತ್ತಾನೆ. ಆ ಮೇಜೇ ಇದು ಎಂದು ವಿಂಚೆಸ್ಟರ್ ಊರಿನಲ್ಲಿ ಗೋಡೆಯ ಮೇಲೆ ತೂಗುಹಾಕಿರುವುದು 13ನೆಯ ಶತಮಾನದ್ದು. ಅದಕ್ಕೆ ಬಣ್ಣ ಹಚ್ಚಿಸಿದ್ದು ಎಂಟನೇ ಹೆನ್ರಿ, ನಡುವೆ ತನ್ನ ಮನೆತನದ ಗುಲಾಬಿಯನ್ನೂ ಬರೆಸಿದ.

ಇಂಗ್ಲೆಂಡಿನ ಪೋಷಕ ಸಂತ ಜಾರ್ಜ್ ಕೂಡ ಹಾಗೆಯೇ, ಆ ನೆಲ ಮೆಟ್ಟಿದವನೇ ಅಲ್ಲ. ಅವನ ಕೆಂಪು ಶಿಲುಬೆಯ ಬಾವುಟ ಮಾತ್ರ ಇಂದು ಇಂಗ್ಲೆಂಡಿನದು. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಫುಟ್ಬಾಲ್ ಗೆದ್ದಾಗ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಜನ ಬೀಸಿದ್ದು ಹೆಚ್ಚಾಗಿ ಇಡೀ ಬ್ರಿಟನ್ನಿನ ಬಾವುಟವನ್ನು. 1996ರ ಯುರೋ ಕಪ್ಪಿನಲ್ಲಿ ಎಲ್ಲೆಲ್ಲೂ ಜಾರ್ಜನ ಶಿಲುಬೆ. ಯಾರಿಗೆ ಬೇಕಾಗಿತ್ತು? ಜೂನ್ 15ರಂದು ಅದೇ ವೆಂಬ್ಲಿಯಲ್ಲಿ ಎದುರಿಗೆ ನಿಂತದ್ದು ಸ್ಕಾಟ್ಲೆಂಡ್. ಬ್ರಿಟನ್ನಿನ ಬಾವುಟ ಅವರದೂ ಹೌದು. ಅದನ್ನು ಅವರ ಮುಂದೆಯೇ ಬೀಸಿ ಏನು ಪ್ರಯೋಜನ?